ಠಾಣೆಯ ಲೆಕ್ಕಕ್ಕೆ ಸಿಗದ ಗಾಯಗಳು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಾಹನ ಬಡಿದು ತೀವ್ರವಾಗಿ ಗಾಯಗೊಂಡವರು ಹೆಚ್ಚಾಗಿ ಸೇರುವುದು ಊರಿನ ಸರ್ಕಾರಿ ಜನರಲ್ ಆಸ್ಪತ್ರೆಯನ್ನು. ಅತ್ಯುನ್ನತ ದರ್ಜೆಯ ಟ್ರಾಮಾ ಕೇಂದ್ರ ಆ ನಗರಕ್ಕೆ ಅದೊಂದೇ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಪತ್ರೆಯ ದಾಖಲೆಯನ್ನೂ ಪೊಲೀಸರ ವರದಿಗಳನ್ನೂ ತಾಳೆ ಹಾಕಿ ನೋಡಿತು. ಚಿಕಿತ್ಸೆ ಪಡೆದ ಪಾದಚಾರಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರ ಬಗ್ಗೆ ಪೊಲೀಸ್ ವರದಿಯೇ ಇರಲಿಲ್ಲ. ಹಾಗೆ ಬಿಟ್ಟುಹೋಗುವ ಸಂಭವ ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಹೆಚ್ಚಾಗಿತ್ತು.

ಇದು ಬರೀ ಗುಮಾಸ್ತಿಕೆಯ ಲೋಪವಲ್ಲ. ಎಲ್ಲಿ ಅಪಘಾತ ದಾಖಲಾಗುತ್ತದೋ ಅಲ್ಲಿಗೆ ಸಿಗ್ನಲ್ಲು, ಜೀಬ್ರಾ ಪಟ್ಟೆ, ದುಡ್ಡು ಎಲ್ಲವೂ ಬರುತ್ತವೆ. ದಾಖಲಾಗದವರ ಬೀದಿ ಇದ್ದಂತೆಯೇ ಉಳಿಯುತ್ತದೆ.

ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ತೆರಬೇಕಾಗದಂತೆ ರಸ್ತೆಯನ್ನು ಕಟ್ಟಬೇಕು ಎಂಬುದು 1997ರಲ್ಲಿ ಸ್ವೀಡನ್ ಸಂಸತ್ತು ಒಪ್ಪಿದ 'ವಿಷನ್ ಝೀರೊ' ನೀತಿಯ ತಿರುಳು. ಸ್ಯಾನ್ ಫ್ರಾನ್ಸಿಸ್ಕೊ ಅದನ್ನು 2014ರಲ್ಲಿ ಕೈಗೆತ್ತಿಕೊಂಡಿತು. ಅಪಘಾತದ ನಕ್ಷೆ ಬರೆಯುವ ಕೆಲಸ ಅಲ್ಲಿ ಆರೋಗ್ಯ ಇಲಾಖೆಯ ಪಾಲಿಗೆ ಬಂದದ್ದು ಬಹಳ ಒಳ್ಳೆಯದಾಯಿತು. ಠಾಣೆ, ಆಸ್ಪತ್ರೆ ಎರಡರ ಲೆಕ್ಕವನ್ನೂ ಬೆಸೆದು 2017ರಲ್ಲಿ ತಂದ ನಕ್ಷೆಯ ಪ್ರಕಾರ, ಶೇ 75ರಷ್ಟು ಸಾವು ಮತ್ತು ತೀವ್ರ ಗಾಯಗಳು ಕೇವಲ ಶೇ 13ರಷ್ಟು ಬೀದಿಗಳಲ್ಲಿ ಸಂಭವಿಸುತ್ತಿದ್ದವು. ಬಡವರು, ವಲಸಿಗರು, ವೃದ್ಧರು ಹೆಚ್ಚಿರುವ ಪ್ರದೇಶಗಳಲ್ಲಿ ಇರುವುದು ನಗರದ ಮೂರನೇ ಒಂದರಷ್ಟು ರಸ್ತೆ. ಆದರೆ ಆ ಅಪಾಯದ ಬೀದಿಗಳಲ್ಲಿ ಸುಮಾರು ಅರ್ಧ ಅಲ್ಲೇ ಇದ್ದವು.

ಟೆಂಡರ್‌ಲಾಯ್ನ್ ಅಂಥ ಒಂದು ಬಡಾವಣೆ. ಅಲ್ಲಿನ ಒಂದು ಬೀದಿಯೂ ಅಪಾಯದ ನಕ್ಷೆಯಿಂದ ಹೊರಗಿರಲಿಲ್ಲ. 2021ರಲ್ಲಿ ಇಡೀ ಬಡಾವಣೆಯ ವೇಗಮಿತಿಯನ್ನು ಗಂಟೆಗೆ 25 ಮೈಲಿಯಿಂದ 20ಕ್ಕೆ ಇಳಿಸಿದರು. ಕೆಂಪು ದೀಪವಿದ್ದಾಗಲೂ ಬಲಕ್ಕೆ ತಿರುಗಲು ಅಮೆರಿಕದಲ್ಲಿ ಸಾಮಾನ್ಯವಾಗಿ ಅವಕಾಶವುಂಟು. 50ಕ್ಕೂ ಹೆಚ್ಚು ವೃತ್ತಗಳಲ್ಲಿ ಅದನ್ನು ನಿಷೇಧಿಸಿದರು.

ನಕ್ಷೆಯೊಂದರಿಂದಲೇ ಸಾವು ನಿಲ್ಲಲಿಲ್ಲ. 2024ರೊಳಗೆ ರಸ್ತೆ ಸಾವನ್ನು ಸೊನ್ನೆಗಿಳಿಸುವ ಗುರಿ ಈಡೇರಲಿಲ್ಲ. 2025ರಲ್ಲಿ 33 ಕಡೆ ಅತಿವೇಗವನ್ನು ಪತ್ತೆ ಹಚ್ಚುವ ಕ್ಯಾಮೆರಾಗಳು ಬಂದವು. ಅವಕ್ಕೆ ದಾರಿ ಮಾಡಿದ ಕ್ಯಾಲಿಫೋರ್ನಿಯಾದ ಕಾನೂನು ಕಡಿಮೆ ಆದಾಯದವರಿಗೆ ದಂಡದಲ್ಲಿ ಅರ್ಧ, ಕಡುಬಡವರಿಗೆ ಶೇ 80ರಷ್ಟು ರಿಯಾಯಿತಿ ಕೊಡುತ್ತದೆ. ಸುರಕ್ಷತೆಯ ಹೊರೆ ಮತ್ತೆ ಬಡವನ ಮೇಲೇ ಬೀಳದಂತೆ ಮಾಡಿದ ಈ ಎಚ್ಚರ ಮೆಚ್ಚತಕ್ಕದ್ದು.

ಅಪಘಾತದ ಲೆಕ್ಕಗಳನ್ನು ಬೆಸೆಯುವ ಕೆಲಸ ನಮ್ಮಲ್ಲೂ ಶುರುವಾಗಿದೆ. ರಸ್ತೆ ಅಪಘಾತಗಳ ಮಾಹಿತಿ ಒಟ್ಟುಗೂಡಿಸಲು ಮದ್ರಾಸ್ ಐಐಟಿ ರೂಪಿಸಿದ 'ಐರ್ಯಾಡ್' ವ್ಯವಸ್ಥೆ ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ವಿವರ, ಫೋಟೊ ತುಂಬುತ್ತಾರೆ. ಸಾರಿಗೆ, ಹೆದ್ದಾರಿ, ಆರೋಗ್ಯ ಇಲಾಖೆಗಳಿಗೂ ಅದರಲ್ಲಿ ಪಾಲಿದೆ. ಆದರೆ ಕೇಂದ್ರದ ವ್ಯಾಖ್ಯೆಯಲ್ಲಿ 'ಬ್ಲ್ಯಾಕ್ ಸ್ಪಾಟ್' (ಅಪಘಾತ ಹೆಚ್ಚಿರುವ ಜಾಗ) ಎಂದರೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್. ಅಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳೋ ಹತ್ತು ಸಾವುಗಳೋ ಆಗಿರಬೇಕು. ಊರೊಳಗಿನ ರಸ್ತೆಯಲ್ಲಿ ಬೈಕ್ ಬಡಿದು ಕಾಲು ಮುರಿದ ಅಜ್ಜಿ, ಎಫ್‌ಐಆರ್ ಆಗದಿದ್ದರೆ, ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಷ್ಟೇ ಉಳಿಯುತ್ತಾಳೆ. ಐರ್ಯಾಡ್‌ನಲ್ಲಿ ಆರೋಗ್ಯ ಇಲಾಖೆಗೆ ಮೀಸಲಾದ ಭಾಗವನ್ನು ತಪ್ಪದೆ ತುಂಬಿಸುವ ಕೆಲಸ ಮೊದಲು ಆಗಬೇಕಿರುವುದು ಅದಕ್ಕಾಗಿಯೇ.