ಮುಂದೆ ಏಳಿಗೆಗೆ ಬರತಕ್ಕ ಸೀಮೆ ಯಾವುದು?

ಹೊಸ ನಾಲೆಯೊಂದು ಬರುವುದೆಂಬ ಸುದ್ದಿಯು ಹುಟ್ಟಿದ ಕೂಡಲೆ ಆ ಸುತ್ತಿನ ಜಮೀನುಗಳ ಬೆಲೆಯು ಏರತೊಡಗುತ್ತದೆ. ನಾಲೆಯ ಜಾಡಿಗೆ ಗೂಟ ನೆಡುವುದಕ್ಕೆ ಮೊದಲೇ ದೂರದ ಪೇಟೆಗಳಿಂದ ಹಣವಂತರು ಬಂದು ಖುಷ್ಕಿ ಜಮೀನನ್ನು ತರಿಯ ಬೆಲೆಗೆ ಕೇಳುವರು. ಊರಿನವರಲ್ಲಿ ಕೆಲವರು ಮಾರಿ ಪರಿತಪಿಸುವರು. ಕೆಲವರು ಸಾಲಮಾಡಿ ಕೊಂಡುಕೊಂಡು ಪರಿತಪಿಸುವರು. ಆದುದರಿಂದ ಮುಂದೆ ಯಾವ ಸೀಮೆಯು ಏಳಿಗೆಗೆ ಬರುವುದೆಂಬ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಆಸ್ತಿಯುಳ್ಳ ಪ್ರತಿಯೊಂದು ಮನೆತನಕ್ಕೂ ಸಂಬಂಧಪಟ್ಟುದಾಗಿದೆ. ಕನ್ನಡ ನಾಡಿನಲ್ಲಿ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಡೆದುದನ್ನು ವಿಚಾರಿಸಿ ನೋಡಿದರೆ, ಈ ಲೆಕ್ಕವನ್ನು ಹಾಕುವವರು ಸಾಮಾನ್ಯವಾಗಿ ನೀರಿನ ಪ್ರಮಾಣವೊಂದನ್ನೇ ಎಣಿಸಿ ಉಳಿದುದನ್ನು ಬಿಟ್ಟುಬಿಡುತ್ತಾರೆಂಬುದು ಗೊತ್ತಾಗುತ್ತದೆ.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಮುಗಿಯಿತು. ಕನ್ನಂಬಾಡಿಯ ಕಟ್ಟೆಗೆ 1911ರಲ್ಲಿ ಕೈಹಾಕಿ, ಸುಮಾರು ಇಪ್ಪತ್ತು ವರ್ಷಗಳಲ್ಲಿ ಪೂರೈಸಲಾಯಿತು. ಮೊದಲನೆಯದು 30 ಟಿ.ಎಂ.ಸಿ. ನೀರನ್ನು ಹಿಡಿಯತಕ್ಕದ್ದು, ಎರಡನೆಯದು 49 ಟಿ.ಎಂ.ಸಿ.ಯನ್ನು. ಕಟ್ಟೆಗಳ ಗಾತ್ರವನ್ನು ಮಾತ್ರ ನೋಡಿದವರಿಗೆ ಹಿರಿಯೂರು ಮಂಡ್ಯಕ್ಕಿಂತ ಬಹಳ ಹಿಂದೆ ಬೀಳುವುದೆಂದು ತೋರಲು ಕಾರಣವಿರಲಿಲ್ಲ. ಆದರೆ 1933ರಲ್ಲಿ ತುಂಬಿದ ವಾಣಿವಿಲಾಸ ಸಾಗರವು ಮತ್ತೆ ಕೋಡಿ ಬಿದ್ದುದು 2022ರಲ್ಲಿ! ವೇದಾವತಿಯು ಬಾಬಾಬುಡನ್ ಬೆಟ್ಟಗಳಲ್ಲಿ ಹುಟ್ಟಿದರೂ ಬೇಗನೆ ಮಳೆಯಿಲ್ಲದ ಬಯಲಿಗೆ ಇಳಿಯುವುದು; ದಾರಿಯಲ್ಲಿ ಅಯ್ಯನಕೆರೆ, ಮದಗದಕೆರೆಗಳೇ ಮೊದಲಾದ ಹಳೆಯ ಕೆರೆಗಳು ತಮ್ಮ ಪಾಲನ್ನು ಹಿಡಿದುಕೊಳ್ಳುವುವು. ಕಾವೇರಿಗಾದರೋ ಕೊಡಗಿನ ಮಳೆಯ ಆಧಾರವುಂಟು. ಕಟ್ಟೆಯು ಎಷ್ಟು ನೀರನ್ನು ಹಿಡಿಯಬಲ್ಲುದೆಂಬುದಕ್ಕಿಂತ ಹತ್ತು ವರ್ಷಗಳಲ್ಲಿ ಎಷ್ಟು ಸಲ ತುಂಬುವುದೆಂಬುದನ್ನೇ ಮೊದಲು ಕೇಳತಕ್ಕದ್ದು.

ಮಂಡ್ಯದ ಭಾಗ್ಯಕ್ಕೆ ನೀರಿನ ಭರವಸೆಯೊಂದೇ ಕಾರಣವಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ದಾರಿಯು ನಾಲೆಗಿಂತ ಐವತ್ತು ವರ್ಷ ಮೊದಲೇ ಆ ಊರಿನ ಮೇಲೆ ಹಾದಿತ್ತು. ನಾಲೆಯ ನೀರು ಹರಿದ ಕಾಲಕ್ಕೆ ಸರಿಯಾಗಿ, 1933ರಲ್ಲಿ, ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡೈರೆಕ್ಟರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಇದಕ್ಕಾಗಿ ಪಟ್ಟ ಶ್ರಮವನ್ನು ಆ ಪ್ರಾಂತದವರು ಇಂದಿಗೂ ಸ್ಮರಿಸುತ್ತಾರೆ. ಕಬ್ಬು ಬೆಳೆದವನಿಗೆ ಕೊಳ್ಳುವವನು ಮನೆಯ ಹತ್ತಿರದಲ್ಲಿಯೇ ಇದ್ದನು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ನೀರು, ದಾರಿ, ಕಾರ್ಖಾನೆ, ಕಚೇರಿ ಈ ನಾಲ್ಕೂ ಒಂದೇ ಕಡೆಯಲ್ಲಿ, ಹತ್ತು ವರ್ಷಗಳ ಒಳಗೆ ಕೂಡಿಬಂದುದು ಅಪೂರ್ವವಾದ ಯೋಗವೇ ಸರಿ.

ಇದೇ ಮಂಡ್ಯದ ಸುತ್ತಿನಲ್ಲಿ ಕಂಡುಬಂದ ಇನ್ನೊಂದು ಸಂಗತಿಯು ಗ್ರಾಮದ ಯಜಮಾನರು ಗಮನಿಸತಕ್ಕದ್ದಾಗಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಿಂದ ಬಂದ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಇಲ್ಲಿನ ಎರಡು ಹಳ್ಳಿಗಳಲ್ಲಿದ್ದು ಅವುಗಳ ಸ್ಥಿತಿಗತಿಗಳನ್ನು ಪರೀಕ್ಷಿಸಿದರು. ಹಳ್ಳಿಗಳ ನಿಜವಾದ ಹೆಸರನ್ನು ಮರೆಮಾಡಿ, ಒಂದನ್ನು ವಂಗಲವೆಂದೂ ಇನ್ನೊಂದನ್ನು ದಾಲೇನವೆಂದೂ ಕರೆದರು. ವಂಗಲದ ಜಮೀನಿಗೆ ನಾಲೆಯ ನೀರು ಹರಿಯಿತು. ದಾಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ನೀರು ಬಂದ ಹಳ್ಳಿಯವರು ಕಬ್ಬು ಬತ್ತಗಳಿಂದ ಹಣವಂತರಾದರೂ ಮೊದಲಿನಂತೆ ಬೇಸಾಯದಲ್ಲಿಯೇ ನಿಂತರು. ಊರಿನ ಹಳೆಯ ಏರ್ಪಾಡುಗಳೂ ಹೆಚ್ಚಾಗಿ ಹಾಗೆಯೇ ಉಳಿದುವು. ನೀರು ಬಾರದ ಹಳ್ಳಿಯವರಾದರೋ ಮಂಡ್ಯದ ಕೆಲಸಗಳಿಗೆ ಹೊರಟರು, ವ್ಯಾಪಾರಕ್ಕೆ ಇಳಿದರು, ಗಿರಣಿಗಳನ್ನು ಹಾಕಿದರು, ನೆರೆಯ ಊರುಗಳಲ್ಲಿ ತರಿ ಜಮೀನನ್ನೂ ಕೊಂಡರು. ಬದಲಾವಣೆಯು ಹೆಚ್ಚಾಗಿ ಕಂಡುದು ದಾಲೇನದಲ್ಲಿಯೇ. ಇದರಿಂದ ನೀರು ಬೇಡವೆಂದು ಯಾರೂ ತಿಳಿಯಬಾರದು. ವಂಗಲದಂತಹ ಹಳ್ಳಿಗಳ ಸಂಪತ್ತಿಲ್ಲದಿದ್ದರೆ ಆ ಗಿರಣಿ ವ್ಯಾಪಾರಗಳಿಗೆ ಅವಕಾಶವೆಲ್ಲಿರುತ್ತಿತ್ತು? ಏಳಿಗೆಯು ನಾಲೆಯ ಗೆರೆಯೊಳಗೇ ನಿಲ್ಲುವುದಿಲ್ಲವೆಂಬುದಷ್ಟೇ ಇದರ ತಾತ್ಪರ್ಯ.

ತುಂಗಭದ್ರೆಯ ಕಡೆಗೆ ತಿರುಗಿದರೆ ಚಿತ್ರವು ಬೇರೆಯಾಗುತ್ತದೆ. 1953ರಲ್ಲಿ ಮುಗಿದ ಈ ಅಣೆಕಟ್ಟಿನಿಂದ ರಾಯಚೂರು ಸೀಮೆಯ ಬರಗಾಲವು ಹಿಂಗುವುದೆಂಬ ನಂಬಿಕೆಯು ಎಲ್ಲರಲ್ಲಿಯೂ ಇದ್ದಿತು. ಎಡದಂಡೆಯ ನಾಲೆಯನ್ನು ಹತ್ತಿ, ಜೋಳ, ನೆಲಗಡಲೆಗಳಂತಹ ಮಿತನೀರಿನ ಪೈರುಗಳಿಗಾಗಿ ಯೋಜಿಸಲಾಗಿತ್ತು. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಜಮೀನಿಗೆ ಹಂಚುವುದು ಅದರ ಉದ್ದೇಶ. ಆದರೆ ಆಂಧ್ರದ ಕರಾವಳಿಯ ಬತ್ತದ ಸೀಮೆಯಿಂದ ಅನುಭವಸ್ಥರಾದ ಬೇಸಾಯಗಾರರು ಬಂದು, ಅಗ್ಗದ ಬೆಲೆಗೆ ಜಮೀನನ್ನು ಕೊಂಡು, ಕ್ಯಾಂಪುಗಳನ್ನು ಹೂಡಿ, ಗದ್ದೆಗಳನ್ನು ಮಾಡಿದರು. ಸ್ಥಳದವರೂ ಅವರನ್ನು ಅನುಸರಿಸಿದರು. ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಅಕ್ಕಿಯ ಗಿರಣಿಗಳು ಎದ್ದುವು. ಅವರ ಉದ್ಯಮಶೀಲತೆಯನ್ನು ಮೆಚ್ಚಲೇಬೇಕು. ಆದರೂ ನಾಲೆಯ ತಲೆಯಲ್ಲಿ ಬತ್ತವು ನಿಂತುದರಿಂದ ಮಾನ್ವಿ, ರಾಯಚೂರುಗಳ ಕೊನೆಯ ಭಾಗದವರು ನೀರಿಗಾಗಿ ವರ್ಷವರ್ಷವೂ ಮೊರೆಯಿಡುವಂತಾಯಿತು. ಬಸಿಗಾಲುವೆಯಿಲ್ಲದ ಎರೆ ಭೂಮಿಯಲ್ಲಿ ನೀರು ನಿಂತು, ಮೇಲೆ ಬಿಳಿಯ ಉಪ್ಪು ಕಟ್ಟಿ, ಒಳ್ಳೆಯ ಹೊಲಗಳು ಜವಳಾಗಿ ಹೋದುವು. ಜಲಾಶಯದಲ್ಲಿಯೂ ಹೂಳು ತುಂಬಿ, ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದುದು 2016ರ ಅಳತೆಯ ವೇಳೆಗೆ ಸುಮಾರು 106ಕ್ಕೆ ಇಳಿದಿತ್ತು. 2024ರ ಆಗಸ್ಟ್ ತಿಂಗಳಲ್ಲಿ ಕಟ್ಟೆಯ ಒಂದು ಬಾಗಿಲೇ ಕೊಚ್ಚಿಹೋಯಿತು.

ನಾಲೆಯು ಹರಿದು ಐವತ್ತು ವರ್ಷಗಳಾದ ಮೇಲೆ, ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬೇಸಾಯವನ್ನು ಮಾತ್ರವಲ್ಲದೆ ವಿದ್ಯೆ, ಆರೋಗ್ಯ, ದಾರಿಗಳೇ ಮೊದಲಾದುವನ್ನೂ ಅಳೆದು, ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದುವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದುವೆಂದೂ ಅದು ಎಣಿಸಿತು. ಈ 39ರಲ್ಲಿ ಸಿಂಧನೂರು, ಮಾನ್ವಿಗಳೂ ಸೇರಿದ್ದುವು! ಗಿರಣಿಯ ಹೊಗೆಯನ್ನೂ ಬತ್ತದ ರಾಶಿಯನ್ನೂ ಕಂಡವರಿಗೆ ಇದು ಆಶ್ಚರ್ಯವಾಗಬಹುದು. ಆದರೆ ರಾಶಿಯ ಹಣವು ಶಾಲೆಗೆ ಹೋಗದಿದ್ದರೆ, ಹೆಣ್ಣುಮಕ್ಕಳು ಓದದಿದ್ದರೆ, ಕೂಲಿಯವನ ಮಗನು ಕೂಲಿಯವನಾಗಿಯೇ ಉಳಿದರೆ, ಆ ಸೀಮೆಯಲ್ಲಿ ಫಸಲು ಬೆಳೆಯಿತೆಂದು ಹೇಳಬಹುದೇ ಹೊರತು ಸೀಮೆಯು ಬೆಳೆಯಿತೆಂದು ಹೇಳಲಾಗದು.

ಇದಕ್ಕೆ ಪ್ರತಿಯಾಗಿ ದಕ್ಷಿಣ ಕನ್ನಡವನ್ನು ನೋಡಬಹುದು. ಅಲ್ಲಿ ದೊಡ್ಡ ನಾಲೆಯಿಲ್ಲ. ಮುರಕಲ್ಲಿನ ಗುಡ್ಡಗಳ ನಡುವೆ ಕಿರಿದಾದ ಗದ್ದೆಗಳು. ಆದರೂ 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ ಹುಟ್ಟಿದುವು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು. ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಠೇವಣಿಯನ್ನು ಕೂಡಿಸುವ ಪಿಗ್ಮಿ ಪದ್ಧತಿಯು 1928ರಲ್ಲಿ ಉಡುಪಿಯಲ್ಲಿ ಮೊದಲಾಯಿತು. ಅಡಕೆಯ ಬೆಲೆಯು ಕುಸಿದಾಗ ಬೆಳೆಗಾರರು ಕೂಡಿ 1973ರಲ್ಲಿ ಕ್ಯಾಂಪ್ಕೊ ಸಂಘವನ್ನು ಕಟ್ಟಿದರು. ಮಿಷನರಿಗಳ ಶಾಲೆ, ಹಂಚಿನ ಕಾರ್ಖಾನೆ, ಬಂದರು ಇವುಗಳ ಸಹಾಯವು ಅಲ್ಲಿಗೆ ದೊರೆತಿದ್ದುದು ನಿಜ. ಆದರೆ ಎರಡಾಣೆಯನ್ನು ಕೂಡಿಡುವ ಅಭ್ಯಾಸವು ಜನರಿಂದಲೇ ಬಂದುದು.

ನದಿಯಿಲ್ಲದ ಕೋಲಾರವೂ ರೇಷ್ಮೆ, ಹಾಲು, ಟೊಮೇಟೊಗಳಿಂದ, ಬೆಂಗಳೂರಿನ ಸಾಮೀಪ್ಯದಿಂದ ಬದುಕಿದೆ. ಕೊಳವೆ ಬಾವಿಗಳು ಸಾವಿರ ಅಡಿಗಳನ್ನು ದಾಟಿರುವಲ್ಲಿ ಅದರ ಮುಂದಿನ ದಾರಿಯು ಕಠಿನವೇ.

ಇನ್ನು ಮುಂದಿನ ಮಾತು. ಸದ್ಯಕ್ಕೆ ಎಲ್ಲರ ದೃಷ್ಟಿಯೂ ಭದ್ರಾ ಮೇಲ್ದಂಡೆಯ ಯೋಜನೆಯ ಮೇಲಿದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣಸೀಮೆಯಲ್ಲಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿಯಿಂದ ನೀರೊದಗಿಸುವುದೂ ಕೆರೆಗಳನ್ನು ತುಂಬಿಸುವುದೂ ಇದರ ಉದ್ದೇಶ. ಭದ್ರೆಯ ನೀರಿನಲ್ಲಿ ಒಂದು ಪಾಲು ವಾಣಿವಿಲಾಸ ಸಾಗರಕ್ಕೂ ಸಲ್ಲುತ್ತದೆ. ಮೇಲೆ ಹೇಳಿದ ಲಕ್ಷಣಗಳಿಂದ ಪರೀಕ್ಷಿಸಿದರೆ ಹಿರಿಯೂರು ಚಳ್ಳಕೆರೆಗಳ ಸೀಮೆಗೆ ಒಳ್ಳೆಯ ಭವಿಷ್ಯವುಂಟೆಂದು ಹೇಳಬಹುದಾಗಿದೆ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಹಿರಿಯೂರನ್ನು ಹಾದುಹೋಗುವುದು. ಚಳ್ಳಕೆರೆಯ ನೆಲಗಡಲೆಯ ಎಣ್ಣೆ ಗಿರಣಿಗಳು ಹೆಸರಾದುವು. ಅಲ್ಲಿನ ವರ್ತಕರಿಗೆ ಸರಕನ್ನು ಕೊಳ್ಳುವುದೂ ಮಾರುವುದೂ ಹೊಸದಲ್ಲ. ನೀರಿಗೆ ಮೊದಲೇ ದಾರಿಯೂ ಪೇಟೆಯೂ ಇರುವ ಸೀಮೆಯಿದು.

ಅಪಾಯವಿರುವುದು ಅಡಕೆಯಲ್ಲಿ. ನೀರಿನ ಭರವಸೆಯಿಂದಲೇ ಮೇಲಿನ ತಾಲ್ಲೂಕುಗಳಲ್ಲಿ ತೋಟಗಳು ಹಬ್ಬುತ್ತಿವೆ. ಹನಿಯ ಲೆಕ್ಕದಲ್ಲಿ ಹಂಚಿದ ನೀರನ್ನು ನಾಲೆಯ ತಲೆಯ ಊರುಗಳು ತೋಟಗಳಿಗೆ ಹರಿಸಿಕೊಂಡರೆ, ಪಾವಗಡ, ಮೊಳಕಾಲ್ಮೂರುಗಳ ರೈತರು ಮಾನ್ವಿಯ ರೈತರ ಪಾಡನ್ನೇ ಪಡುವರು. ನೀರು ಬಳಕೆದಾರರ ಸಹಕಾರ ಸಂಘವನ್ನು ತೂಬು ತೆರೆದ ಮೇಲೆ ಕಟ್ಟಹೊರಟರೆ ಫಲವು ಕಡಿಮೆ. ಆಗ ಪ್ರತಿಯೊಬ್ಬನ ತೋಟವೂ ಬೇರುಬಿಟ್ಟಿರುವುದು. ನಾಲೆಯು ಇನ್ನೂ ಪೂರ್ಣವಾಗದಿರುವ ಈ ವರ್ಷಗಳೇ ಸಂಘವನ್ನು ಸ್ಥಾಪಿಸಿ ಪೈರಿನ ಕಟ್ಟಳೆಯನ್ನು ಬರೆದಿಡಲು ಅನುಕೂಲವಾದ ಕಾಲ. ಗ್ರಾಮದ ಯಜಮಾನರು ಬಸಿಗಾಲುವೆಯ ಜಾಗವನ್ನು ಈಗಲೇ ಗುರುತಿಸಿ ಬಿಡಿಸಿಟ್ಟರೆ, ಜಮೀನಿನ ಬೆಲೆಯು ಏರಿದ ಮೇಲೆ ಗುಂಟೆಗಾಗಿ ಹೋರಾಡುವುದು ತಪ್ಪುವುದು.

ಜಮೀನನ್ನು ಕೊಳ್ಳತಕ್ಕವರು ನಕ್ಷೆಯಲ್ಲಿನ ನಾಲೆಯ ಗೆರೆಯನ್ನು ನೋಡಿ ಮುಂಗಡ ಕೊಡುವುದಕ್ಕೆ ಮೊದಲು, ವೈಶಾಖದಲ್ಲಿ ಒಮ್ಮೆ ಆ ಊರಿಗೆ ಹೋಗಿ ಬಾವಿಗಳಲ್ಲಿ ನೀರು ಎಷ್ಟು ಆಳಕ್ಕಿದೆಯೆಂದು ಕೇಳುವುದು ಲೇಸು. ತಗ್ಗಿನ ಹೊಲದ ಮಣ್ಣಿನಲ್ಲಿ ಉಪ್ಪಿನ ಬಿಳುಪು ಕಂಡರೆ ಬೆಲೆಯು ಎಷ್ಟು ಇಳಿದರೂ ಅದು ಅಗ್ಗವಲ್ಲ. ಊರಿನ ಶಾಲೆಗೂ ಹೋಗಿ, ಹತ್ತನೆಯ ತರಗತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆಂದು ಉಪಾಧ್ಯಾಯರಲ್ಲಿ ವಿಚಾರಿಸತಕ್ಕದ್ದು. ಈ ಸಂಖ್ಯೆಯನ್ನು ದಲ್ಲಾಳಿಗಳು ಹೇಳುವುದಿಲ್ಲ.