ಗಣಕದಲ್ಲಿ ಕಾಣದ ಅಕ್ಷರಗಳು

ಕುಂಸಿಯಿಂದ ಶಿವಮೊಗ್ಗದ ಕಾಲೇಜೊಂದಕ್ಕೆ ದಿನವೂ 12 ವಿದ್ಯಾರ್ಥಿಗಳು ಬಸ್ಸಿನಲ್ಲಿ ಬರುತ್ತಾರೆ ಎಂದುಕೊಳ್ಳಿ. ಬಸ್ ಪಾಸಿಗಾಗಿ ಊರುವಾರು ಪಟ್ಟಿ ತೆಗೆದಾಗ ಗಣಕವು ಕುಂಸಿಯ ಹೆಸರಿನಲ್ಲಿ 9 ಮಂದಿಯನ್ನಷ್ಟೇ ತೋರಿಸುತ್ತದೆ. ಪರದೆಯ ಮೇಲೆ ನೋಡಿದರೆ 12 ಕಡೆಯೂ 'ಕುಂಸಿ' ಎಂದೇ ಇದೆ. ಉಳಿದ ಮೂವರು ಎಲ್ಲಿ ಹೋದರು?

ಗಣಕವು ಹೋಲಿಸುವುದು ಸಂಕೇತ ಸಂಖ್ಯೆಗಳನ್ನು. ಯೂನಿಕೋಡ್ ಪ್ರಕಾರ 'ಕುಂಸಿ' ಎಂದರೆ ಕ, ಉಕಾರದ ಚಿಹ್ನೆ, ಅನುಸ್ವಾರ, ಸ, ಇಕಾರದ ಚಿಹ್ನೆ: ಒಟ್ಟು 5 ಸಂಕೇತಗಳು. ಬೆರಳಚ್ಚು ಮಾಡುವಾಗ ಕೊನೆಯಲ್ಲಿ ಸ್ಪೇಸ್ ಕೀಲಿ ತಾಗಿದರೆ 32 ಎಂಬ ಆರನೆಯ ಸಂಕೇತ ಸೇರಿಕೊಳ್ಳುತ್ತದೆ. 5 ಸಂಕೇತಗಳ ಸರಣಿಯೂ 6 ಸಂಕೇತಗಳ ಸರಣಿಯೂ ಗಣಕಕ್ಕೆ ಬೇರೆ ಬೇರೆ ಊರುಗಳು!

ಇದಕ್ಕೆ ಪರಿಹಾರವಾಗಿ ಹೆಚ್ಚಿನ ಕ್ರಮವಿಧಿ ಭಾಷೆಗಳಲ್ಲಿ ಅಂಚು ಕತ್ತರಿಸುವ ಆದೇಶವಿದೆ. ಪೈಥಾನ್‌ನಲ್ಲಿ ಅದು 'ಸ್ಟ್ರಿಪ್', ಜಾವಾದಲ್ಲಿ 'ಟ್ರಿಮ್'. ಎಡ ತುದಿಯಿಂದ ಒಳಕ್ಕೆ, ಬಲ ತುದಿಯಿಂದ ಒಳಕ್ಕೆ ಬರುತ್ತಾ, ಖಾಲಿ ಜಾಗವಲ್ಲದ ಮೊದಲ ಸಂಕೇತ ಸಿಕ್ಕೊಡನೆ ಅದು ನಿಲ್ಲುತ್ತದೆ. ನಡುವಿನದನ್ನು ಮುಟ್ಟುವುದಿಲ್ಲ. ಪೈಥಾನ್‌ನಲ್ಲಿ ಮೂಲ ಸರಣಿ ಬದಲಾಗದೆ ಹೊಸ ಸರಣಿ ಸಿಗುತ್ತದೆ. ಅದನ್ನು ಒಂದು ಹೆಸರಿಗೆ ಕೊಟ್ಟುಕೊಳ್ಳದಿದ್ದರೆ ಮಾಡಿದ ಕೆಲಸ ವ್ಯರ್ಥ. ವಿದ್ಯಾರ್ಥಿಗಳು ಇಲ್ಲಿ ಎಡವುವುದು ಹೆಚ್ಚು.

ಯಾವುದು ಖಾಲಿ ಜಾಗ ಎಂಬುದರಲ್ಲಿ ಭಾಷೆಗಳಿಗೆ ಒಮ್ಮತವಿಲ್ಲ. ಜಾಲಪುಟಗಳಿಂದ ನಕಲು ಮಾಡಿದ ಪಠ್ಯದಲ್ಲಿ 160 ಎಂಬ ಇನ್ನೊಂದು ಬಗೆಯ ಸ್ಪೇಸ್ ಬರುವುದುಂಟು. ಪೈಥಾನ್ ಅದನ್ನು ಕತ್ತರಿಸುತ್ತದೆ. ಎಕ್ಸೆಲ್‌ನ ಟ್ರಿಮ್ ಕತ್ತರಿಸದು. ಜಾವಾದ ಟ್ರಿಮ್ 32 ಹಾಗೂ ಅದಕ್ಕಿಂತ ಕೆಳಗಿನ ಸಂಕೇತಗಳನ್ನಷ್ಟೇ ತೆಗೆಯುತ್ತದೆ. 2018ರಲ್ಲಿ ಜಾವಾ 11ರೊಂದಿಗೆ ಬಂದ ಸ್ಟ್ರಿಪ್‌ಗೂ 160 ಸಿಗದು.

ಕನ್ನಡಿಗರಾದ ನಾವು ಮುಖ್ಯವಾಗಿ ಗಮನಿಸಬೇಕಾದದ್ದು 8204. ಅಗಲವೇ ಇಲ್ಲದ ಈ ಸಂಕೇತ ಅಕ್ಷರಗಳು ಒತ್ತಕ್ಷರವಾಗದಂತೆ ತಡೆಯುತ್ತದೆ. 'ರಾಜ್‌ಕುಮಾರ್' ಎಂಬಲ್ಲಿ ಜಕಾರದ ವಿರಾಮ ಚಿಹ್ನೆಯ ನಂತರ ಇರುವುದು ಇದೇ. ಇದನ್ನು ತೆಗೆದರೆ ಹೆಸರು 'ರಾಜ್ಕುಮಾರ್' ಆಗುತ್ತದೆ. 'ರ‍್ಯಾಂಕ್' ಎಂದು ಬರೆಯಲು ಇದರ ಜೊತೆಗಾರ 8205 ಬೇಕು. ಆದ್ದರಿಂದ ಕಾಣದ ಸಂಕೇತಗಳನ್ನೆಲ್ಲ ಒಂದೇ ಏಟಿಗೆ ಅಳಿಸುವ ಕ್ರಮವಿಧಿ ಕನ್ನಡದ ಕಾಗುಣಿತವನ್ನೇ ಕೆಡಿಸುತ್ತದೆ.

ಇದೇ 8204 ಪದದ ಕೊನೆಯಲ್ಲೂ ಬರಬಹುದು. ಆಗ 'ಭಟ್' ಎಂಬ ಹೆಸರಿಗೆ ಎರಡು ರೂಪ, ಕಣ್ಣಿಗೆ ಮಾತ್ರ ಒಂದೇ. ಪೈಥಾನ್‌ನ ಸ್ಟ್ರಿಪ್ ಇದನ್ನು ಖಾಲಿ ಜಾಗವೆಂದು ಎಣಿಸುವುದಿಲ್ಲ. ಸ್ಪೇಸ್ ಮತ್ತು 8204 ಎರಡನ್ನೂ ಆವರಣದೊಳಗೆ ಒಟ್ಟಿಗೆ ಕೊಟ್ಟರೆ ಅಂಚಿನಲ್ಲಿ ಯಾವ ಕ್ರಮದಲ್ಲಿದ್ದರೂ ಹೋಗುತ್ತವೆ, ನಡುವಿನದು ಉಳಿಯುತ್ತದೆ. ಹೀಗೆ ಕತ್ತರಿಸಿದ ರೂಪವನ್ನು ಹೋಲಿಕೆಗೆ ಮಾತ್ರ ಬಳಸಿ, ಮೂಲವನ್ನು ಹಾಗೆಯೇ ಇಟ್ಟುಕೊಳ್ಳಿ. ಕತ್ತರಿಸಿದ 'ಭಟ್' ಮುಂದೆ 'ರವರಿಗೆ' ಎಂದು ಜೋಡಿಸಿದರೆ ಪತ್ರದಲ್ಲಿ 'ಭಟ್ರವರಿಗೆ' ಎಂದು ಅಚ್ಚಾದೀತು.

ಅನುಮಾನ ಬಂದ ಪದದ ಉದ್ದವನ್ನು ಮೊದಲು ಕೇಳಿ. 'ಕುಂಸಿ'ಗೆ 5ರ ಬದಲು 6 ಎಂಬ ಉತ್ತರ ಬಂದರೆ, ಒಂದೊಂದು ಸಂಕೇತದ ಸಂಖ್ಯೆಯನ್ನೂ ಮುದ್ರಿಸಿ ನೋಡಿ. 32, 160, 8204 ಇವುಗಳಲ್ಲಿ ಯಾವುದು ಸೇರಿಕೊಂಡಿದೆ ಎಂಬುದು ತಿಳಿಯುತ್ತದೆ.