ತಾಯಿಗೊಂದು ಮಂಚ

ನಮ್ಮ ಮನೆಯ ಅಟ್ಟದ ಮೇಲಣ ಹಳೆಯ ಪೆಟಾರಿಯಲ್ಲಿ, ಉಪಯೋಗ ತಪ್ಪಿ ಕಪ್ಪುಗಟ್ಟಿದ ಪಾತ್ರೆಗಳ ನಡುವೆ, ಬೆಳ್ಳಿಯದೊಂದು ಒಳಲೆ ಬಹುಕಾಲದಿಂದ ಬಿದ್ದುಕೊಂಡಿತ್ತು. ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿದ ಮೂತಿಯುಳ್ಳ ಆ ಪುಟ್ಟ ಪಾತ್ರೆಯಿಂದಲೇ ನನ್ನ ತಂದೆಯವರೂ ಅವರ ಒಡಹುಟ್ಟಿದವರೂ ಹಾಲು ಗುಟುಕರಿಸಿ ಬೆಳೆದರೆಂದು ಅಜ್ಜಿ ಹೇಳುತ್ತಿದ್ದುದುಂಟು. ರಬ್ಬರಿನ ತೊಟ್ಟಿನ ಸೀಸೆ ಮನೆ ಹೊಕ್ಕ ಮೇಲೆ ಅದನ್ನು ಕೇಳುವವರಿಲ್ಲದಾಯಿತು. ಅಂಥದೇ ಒಳಲೆಯೊಂದನ್ನು, ಬೆಳ್ಳಿಯದಲ್ಲ, ಸ್ಟೀಲಿನದು, ಕುದಿನೀರಿನಲ್ಲಿ ಶುದ್ಧಮಾಡಿ ಜಿಲ್ಲಾಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ಸಿಸ್ಟರೊಬ್ಬರು ನನ್ನ ತಮ್ಮನ ಮಗಳ ಕೈಗಿತ್ತು, ಅವಳು ತಾನೇ ಹಿಂಡಿದ್ದ ಹಾಲನ್ನು ಮಗುವಿನ ತುಟಿಯ ಅಂಚಿನಲ್ಲಿ ಹನಿಹನಿಯಾಗಿ ಬಿಡುವ ಬಗೆಯನ್ನು ಕಲಿಸುತ್ತಿದ್ದುದನ್ನು ಬಾಗಿಲ ಬಳಿಯಿಂದ ಕಂಡಂದು, ಆ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ನಾನು ನಿರಾಳವಾಗಿ ಉಸಿರೆಳೆದೆನು.

ಮಗು ಮೂವತ್ತೊಂದನೆಯ ವಾರದಲ್ಲಿ ಹುಟ್ಟಿತ್ತು. ತೂಕ 1,400 ಗ್ರಾಂ. ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದು ಉಳಿಯದು ಎಂಬ ಮಾತು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಇದರಷ್ಟು ನಿರಾಧಾರವಾಗಿದ್ದೂ ಇದರಷ್ಟು ಹಟ ಹಿಡಿದು ಬದುಕಿರುವ ನಂಬಿಕೆ ಮತ್ತೊಂದನ್ನು ನಾನರಿಯೆ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಆಯುಷ್ಯಕ್ಕೆ ಸೇರಿದ ಲಾಭವೇ ಹೊರತು ನಷ್ಟವಲ್ಲ. ಆದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ಇದನ್ನು ವಾದಿಸುವ ಚೈತನ್ಯವಿರಲಿಲ್ಲ. ಹೆರಿಗೆಯಾದ ಊರಿನಿಂದ ಮಗುವನ್ನು ಮೊದಲು ಒಯ್ದುದು ಒಳ್ಳೆಯ ಯಂತ್ರಗಳೂ ನುರಿತ ವೈದ್ಯರೂ ಇದ್ದ ಒಂದು ಆಸ್ಪತ್ರೆಗೆ. ಅವರ ಚಿಕಿತ್ಸೆಯಲ್ಲಿ ಕೊರತೆಯೇನೂ ಇರಲಿಲ್ಲವೆಂಬುದನ್ನು ನಾನು ಮೊದಲೇ ಹೇಳಿಬಿಡಬೇಕು. ಇದ್ದುದು ಒಂದು ನಿಯಮ ಮಾತ್ರ: ತಾಯಿಯು ದಿನಕ್ಕೆರಡು ಸಾರಿ, ಐದೈದು ನಿಮಿಷ, ಗಾಜಿನ ಗೋಡೆಯ ಈಚೆ ನಿಂತು ನೋಡಬಹುದು. ಮೂರನೆಯ ದಿನ ಗಾಲಿಕುರ್ಚಿಯಲ್ಲಿ ಹೋಗಿ ನೋಡಿಬಂದ ಹುಡುಗಿ ಮಂಚದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿ, ಬಹಳ ಹೊತ್ತಾದ ಮೇಲೆ, “ದೊಡ್ಡಪ್ಪಾ, ಅಲ್ಲಿ ನಾಲ್ಕು ಮಕ್ಕಳಿದ್ದವು. ನನ್ನದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ” ಎಂದಳು.

ಈ ಮಾತೇ ನನ್ನನ್ನು ಈ ವಿಷಯದ ಬೆನ್ನು ಹತ್ತಿಸಿತು. ತಾಯಿಯನ್ನು ಗಾಜಿನ ಆಚೆ ನಿಲ್ಲಿಸಿದವರು ಯಾರು, ಯಾವಾಗ, ಏಕೆ?

ದಿನ ತುಂಬದ ಕೂಸಿಗೆ ಮೊದಲ ಶತ್ರು ಚಳಿ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ಬಹಳ ದೊಡ್ಡದು. ಮೈಯನ್ನು ಬೆಚ್ಚಗಿಡುವ ಕೊಬ್ಬು ಕೂಡುವುದು ಗರ್ಭವಾಸದ ಕೊನೆಯ ವಾರಗಳಲ್ಲಿ. ಆದುದರಿಂದ ನಮಗೆ ಹಿತವೆನಿಸುವ ಕೋಣೆಯಲ್ಲಿಯೇ ಅದು ತಣ್ಣಗಾಗುತ್ತ ಹೋಗಿ, ಶಾಖವನ್ನು ಕಾಯ್ದುಕೊಳ್ಳುವುದರಲ್ಲಿಯೇ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ ಸೋಲುತ್ತದೆ. ಎರಡನೆಯದು ಉಸಿರು. ಶ್ವಾಸಕೋಶದ ಸೂಕ್ಷ್ಮ ಗುಳ್ಳೆಗಳು ಉಸಿರು ಬಿಟ್ಟಾಗಲೆಲ್ಲ ಮುದುಡಿ ಅಂಟಿಕೊಳ್ಳದಂತೆ ತಡೆಯುವ ಒಂದು ಜಿಡ್ಡು ದ್ರವವಿದೆ. ಅದು ಸಾಕಷ್ಟು ಉತ್ಪತ್ತಿಯಾಗುವ ಮೊದಲೇ ಹುಟ್ಟಿದ ಕೂಸಿಗೆ ಪ್ರತಿಯೊಂದು ಉಸಿರೂ ಮೊದಲ ಉಸಿರಿನಷ್ಟೇ ಪ್ರಯಾಸ. ಚೀಪುವುದು, ನುಂಗುವುದು, ಉಸಿರಾಡುವುದು ಎಂಬ ಮೂರು ಕೆಲಸಗಳನ್ನು ಒಂದಕ್ಕೊಂದು ಹೊಂದಿಸುವ ವಿದ್ಯೆ ಅದಕ್ಕೆ ಸಿದ್ಧಿಸುವುದು ಸುಮಾರು ಮೂವತ್ತನಾಲ್ಕನೆಯ ವಾರದಲ್ಲಿ. ಅಲ್ಲಿಯವರೆಗೆ ಮೊದಲು ಮೂಗಿನಿಂದಲೋ ಬಾಯಿಂದಲೋ ಇಳಿಸಿದ ನಳಿಕೆ, ಅನಂತರ ನಮ್ಮ ಒಳಲೆ. ಸೋಂಕಿನ ಭಯವಂತೂ ಹಗಲಿರುಳೂ ಇದ್ದದ್ದೇ.

ಇವುಗಳಲ್ಲಿ ಚಳಿಯನ್ನು ಗೆದ್ದ ಕಥೆ ಮೊದಲಾಗುವುದು ಪ್ಯಾರಿಸಿನಲ್ಲಿ. ಅಲ್ಲಿನ ಮೆಟರ್ನಿಟೆ ಆಸ್ಪತ್ರೆಯ ವೈದ್ಯ ಸ್ಟೆಫಾನ್ ತಾರ್ನಿಯೇ, ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಪ್ರಾಣಿಸಂಗ್ರಹಾಲಯದಲ್ಲಿ ಕಂಡು, ಅದೇ ಮಾದರಿಯಲ್ಲಿ ಮಕ್ಕಳಿಗೊಂದು ಪೆಟ್ಟಿಗೆಯನ್ನು 1880ರ ಸುಮಾರಿಗೆ ಮಾಡಿಸಿದನು. ಎರಡು ಸಾವಿರ ಗ್ರಾಮಿಗಿಂತ ಕಡಮೆ ತೂಕದ ಕೂಸುಗಳಲ್ಲಿ ನೂರಕ್ಕೆ 66 ಇದ್ದ ಸಾವು 38ಕ್ಕೆ ಇಳಿಯಿತು. ನಮ್ಮ ಜನರು ಇಂದಿಗೂ “ಮಗೂನ ಗಾಜಿನ ಪೆಟ್ಟಿಗೇಲಿ ಇಟ್ಟಿದ್ದಾರೆ” ಎನ್ನುವಾಗ ಹೇಳುತ್ತಿರುವುದು ಆ ಪೆಟ್ಟಿಗೆಯ ವಂಶಸ್ಥನ ಮಾತನ್ನೇ. ಉಸಿರಿನ ಕಷ್ಟ ಮಾತ್ರ ಬಹುಕಾಲ ಬಗೆಹರಿಯಲಿಲ್ಲ. 1959ರಲ್ಲಿ ಮೇರಿ ಎಲೆನ್ ಏವರಿಯವರು ಆ ಜಿಡ್ಡು ದ್ರವದ ಅಭಾವವೇ ರೋಗದ ಮೂಲವೆಂದು ತೋರಿಸಿದ್ದರೂ, 1963ರ ಆಗಸ್ಟಿನಲ್ಲಿ ಐದೂವರೆ ವಾರ ಮೊದಲೇ ಹುಟ್ಟಿದ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗು ಪ್ಯಾಟ್ರಿಕ್, ಎರಡು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿದ್ದರೂ, 39 ಗಂಟೆಗಳಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡಿತು. ಭೂಮಂಡಲದ ಅತ್ಯಂತ ಬಲಿಷ್ಠ ರಾಷ್ಟ್ರದ ಬಳಿ ಅದಕ್ಕೆ ಕೊಡಲು ಆಮ್ಲಜನಕವಲ್ಲದೆ ಬೇರೇನೂ ಇರಲಿಲ್ಲ. ಆ ಬಳಿಕ ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಬೇರೊಂದು ಪ್ರಯೋಗ ಮಾಡುತ್ತಿದ್ದಾಗ, ಬದುಕಬಾರದಷ್ಟು ಮುಂಚಿತವಾಗಿ ಹುಟ್ಟಿದ ಮರಿಯೊಂದು ಉಸಿರಾಡುತ್ತಿದ್ದುದನ್ನು ಕಂಡು ಬೆರಗಾಗಿ, ಅದಕ್ಕೆ ಕೊಟ್ಟಿದ್ದ ಸ್ಟೀರಾಯ್ಡೇ ಕಾರಣವಿರಬೇಕೆಂದು ಊಹಿಸಿದರು. ಹೋವೀ ಎಂಬುವರೊಡನೆ ಅವರು ಬಸುರಿಯರಲ್ಲಿ ನಡೆಸಿದ ಪರೀಕ್ಷೆಯ ಫಲ 1972ರಲ್ಲಿ ಪ್ರಕಟವಾಯಿತು. ನಮ್ಮ ಹುಡುಗಿಗೆ ಹೆರಿಗೆಗೆ ಮುನ್ನ ತಾಲೂಕು ಆಸ್ಪತ್ರೆಯಲ್ಲಿ ಕೊಟ್ಟ ಸೂಜಿಮದ್ದು ಆ ಕುರಿಮರಿಯ ಕೊಡುಗೆ.

ಇಷ್ಟೆಲ್ಲ ಗೆಲವಿನ ನಡುವೆ ತಾಯಿ ಎಲ್ಲಿ ಹೋದಳು? ತಾರ್ನಿಯೇಯ ಶಿಷ್ಯ ಪಿಯೇರ್ ಬ್ಯುದಾಂ ಆಗಲೇ ಈ ಅಪಾಯವನ್ನು ಗುರುತಿಸಿದ್ದನು: ಮಗುವಿನಿಂದ ಬಹುದಿನ ದೂರವಿಟ್ಟ ತಾಯಿಗೆ ಹಾಲೂ ಬತ್ತುತ್ತದೆ, ಅಕ್ಕರೆಯೂ ಬತ್ತುತ್ತದೆ ಎಂದರಿತು ಅವನು ತಾಯಂದಿರನ್ನು ಪೆಟ್ಟಿಗೆಯ ಬಳಿಗೆ ಕರೆದನು. ಆದರೆ ಇಪ್ಪತ್ತನೆಯ ಶತಮಾನದ ಆಸ್ಪತ್ರೆಗಳಿಗೆ ಸೋಂಕಿನ ಭೀತಿ ಹಿಡಿದು, ಆ ಭೀತಿಗೆ ಕಾರಣವಿದ್ದುದರಿಂದಲೇ ಅದನ್ನು ಪ್ರಶ್ನಿಸುವವರಿಲ್ಲದೆ, ಬಂಧುಗಳೆಲ್ಲರೂ ರೋಗವಾಹಕರೆಂಬಂತೆ ಹೊರಕ್ಕೆ ಕಳುಹಿಸಲ್ಪಟ್ಟರು. ಹೊರಹೋದವರಲ್ಲಿ ತಾಯಿಯೂ ಒಬ್ಬಳಾದಳು. ಅವಳು ಮರಳಿ ಒಳಬಂದುದು 1970ರ ಆಸುಪಾಸಿನಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕೈ ತೊಳೆದ ತಾಯಂದಿರನ್ನು ಒಳಗೆ ಬಿಟ್ಟು ನೋಡಿದಾಗ ಸೋಂಕು ಹೆಚ್ಚಲಿಲ್ಲ. ಎಸ್ಟೋನಿಯದ ಟಾಲಿನ್ ನಗರದಲ್ಲಿ 1979ರಲ್ಲಿ ಆದಿಕ್ ಲೆವಿನ್ ಎಂಬ ವೈದ್ಯರು, ಸಾಕಷ್ಟು ದಾದಿಯರಿಲ್ಲದ ಸಂಕಟದಲ್ಲಿ, ಆರೈಕೆಯ ಬಹುಭಾಗವನ್ನು ತಾಯಂದಿರಿಗೇ ವಹಿಸಿದರು. ಅದೇ ಸುಮಾರಿಗೆ ಕೊಲಂಬಿಯದ ಬೊಗೊಟಾದಲ್ಲಿ, ಒಂದೊಂದು ಪೆಟ್ಟಿಗೆಯಲ್ಲಿ ಹಲವು ಕೂಸುಗಳನ್ನು ಒತ್ತೊತ್ತಾಗಿ ಮಲಗಿಸಬೇಕಾಗಿ ಬಂದಿದ್ದ ಆಸ್ಪತ್ರೆಯಲ್ಲಿ, ಎಡ್ಗರ್ ರೇ ಸನಾಬ್ರಿಯಾ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೇ ಕಟ್ಟಿದರು; ಹೊಟ್ಟೆಯ ಚೀಲದಲ್ಲಿ ಮರಿಯನ್ನು ಬೆಳೆಸುವ ಪ್ರಾಣಿಯ ಹೆಸರನ್ನೇ ಪಡೆದು ಅದು ಕಾಂಗರೂ ಆರೈಕೆಯೆನಿಸಿತು. ಗಮನಿಸಬೇಕು, ಟಾಲಿನ್ನಿನಲ್ಲಿಯೂ ಬೊಗೊಟಾದಲ್ಲಿಯೂ ತಾಯಿಯನ್ನು ಒಳಗೆ ಕರೆದುದು ಬಡತನವೇ. ಅದು ಮದ್ದೂ ಹೌದೆಂಬುದು ತಿಳಿದದ್ದು ಆಮೇಲೆ.

ಇತ್ತ, ಮಗು ಹುಟ್ಟಿದ ಐದನೆಯ ದಿನಕ್ಕೆ ನಮ್ಮ ಹಣವೂ ಮುಗಿಯುತ್ತ ಬಂದಿತ್ತು. ಉಸಿರಾಟದ ಯಂತ್ರದ ಆಸರೆ ಇನ್ನು ಬೇಡವಾಗಿದ್ದುದರಿಂದ ವೈದ್ಯರ ಒಪ್ಪಿಗೆ ಪಡೆದು ಮಗುವನ್ನು ಜಿಲ್ಲಾಸ್ಪತ್ರೆಗೆ ಸಾಗಿಸಿದೆವು. ಅಲ್ಲಿನ ಸಿಸ್ಟರು ಮೊದಲು ಕೇಳಿದ ಪ್ರಶ್ನೆ: “ತಾಯಿ ಎಲ್ಲಿ?” ತಾಯಿ ಬಂದಳು. ಒಳಹೋಗುವ ಮುನ್ನ ಮೊಣಕೈವರೆಗೆ ಕೈ ತೊಳೆಯಬೇಕು. ಅದಕ್ಕಾಗಿ ಉಂಗುರ, ಬಳೆ ಯಾವುದೂ ಇರಕೂಡದು. ಸೀಮಂತದಲ್ಲಿ ತೊಡಿಸಿದ್ದ ಹಸಿರು ಬಳೆಗಳು ಅವಳ ಕೈಯಲ್ಲಿ ಇನ್ನೂ ಇದ್ದವು. ಬಾಣಂತಿಯ ಕೈ ಬರಿದಾಗುವುದೆಂದರೆ ಏನರ್ಥವೆಂಬುದನ್ನು ಬಾಯಿಬಿಟ್ಟು ಹೇಳಲಾರದೆ ನನ್ನ ತಮ್ಮನ ಹೆಂಡತಿ ಬಾಗಿಲಲ್ಲಿಯೇ ನಿಂತು ಕಣ್ಣೀರಿಟ್ಟಳು. ಆ ಸಿಸ್ಟರು ಗದರಲಿಲ್ಲ. ಎಷ್ಟು ತಾಯಂದಿರ ಬಳೆಗಳನ್ನು ಅವರು ಕಂಡಿದ್ದರೋ. “ಅಮ್ಮಾ, ದೇವರ ಮುಂದೆ ಇಟ್ಟಿರಿ. ಮಗೂನ ಎತ್ತಿಕೊಂಡು ಹೋಗೋ ದಿವಸ ನೀವೇ ತೊಡಿಸುವಿರಂತೆ” ಎಂದರು. ಅತ್ತ ಪಾರಿಶುದ್ಧ್ಯದ ನಿಯಮವೂ ಸಡಿಲವಾಗಲಿಲ್ಲ, ಇತ್ತ ಆ ಹೆಂಗಸಿನ ಮನಸ್ಸೂ ಮುರಿಯಲಿಲ್ಲ. ಕುಟುಂಬಕ್ಕೆ ಆಸರೆಯಾಗುವುದೆಂದರೇನೆಂದು ನನ್ನನ್ನು ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ಆ ಮಾತೇ.

ಆಮೇಲಿನ ದಿನಗಳಲ್ಲಿ ಹುಡುಗಿಯ ಮುಖ ಬದಲಾದುದನ್ನು ನಾವು ಕಂಡೆವು. ಟೊಪ್ಪಿ, ಕಾಲುಚೀಲ, ಲಂಗೋಟಿಯಷ್ಟನ್ನೇ ತೊಡಿಸಿದ ಕೂಸನ್ನು ಅವಳ ಸ್ತನಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕೈಕಾಲು ಮಡಿಸಿ ಮಲಗಿಸಿ, ಮೇಲೆ ಬಟ್ಟೆಯ ಪಟ್ಟಿ ಕಟ್ಟಿ, ಒರಗುಕುರ್ಚಿಯಲ್ಲಿ ಕೂರಿಸುತ್ತಿದ್ದರು. ಉಸಿರು ನಡುನಡುವೆ ನಿಂತುಹೋಗುತ್ತಿದ್ದ ಮಗು ಎದೆಯ ಏರಿಳಿತಕ್ಕೆ ಹೊಂದಿಕೊಂಡಂತೆ ಒಂದೇ ಸಮನೆ ಉಸಿರಾಡತೊಡಗಿತು. ಬಾಣಂತಿ ಗಾಳಿಗೆ ಬೀಳಬಾರದು, ಕಿವಿಗೆ ಬಟ್ಟೆ ಕಟ್ಟಬೇಕು, ಹನ್ನೊಂದು ದಿನ ಪುರುಡು ಎಂದಿದ್ದ ಮನೆಯವರೆಲ್ಲರೂ ಮಾತು ಮರೆತರು. ರಾತ್ರಿಯ ಪಾಳಿ ಅವಳ ಗಂಡನದು. ಮೊದಲ ದಿನ ಅಂಗಿಯ ಗುಂಡಿ ಬಿಚ್ಚಲು ಅವನು ಪಟ್ಟ ಸಂಕೋಚ ಅಷ್ಟಿಷ್ಟಲ್ಲ. ನಾಲ್ಕನೆಯ ದಿನಕ್ಕೆ ಹಾಲಿನ ಅಳತೆಯನ್ನು ಸಿಸ್ಟರಿಗೆ ಅವನೇ ನೆನಪಿಸುತ್ತಿದ್ದನು.

ಇದು ಭಾವುಕತೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಮಲಾವಿ, ನೈಜೀರಿಯ, ಟಾಂಜಾನಿಯ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನೊಳಗಿನ 3,211 ಕೂಸುಗಳಿದ್ದವು. ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದೊಡನೆ ಎದೆಗೇರಿಸಿದ ಮಕ್ಕಳಲ್ಲಿ ಇಪ್ಪತ್ತೆಂಟು ದಿನಗಳೊಳಗಿನ ಸಾವು ನೂರಕ್ಕೆ 12, ಕಾದು ಆರಂಭಿಸಿದವರಲ್ಲಿ 15.7. ಅಂತರ ಇಷ್ಟು ಸ್ಪಷ್ಟವಾದ ಮೇಲೆ ಅರ್ಧದಷ್ಟು ಮಕ್ಕಳಿಗೆ ಅದನ್ನು ತಪ್ಪಿಸುವುದು ನ್ಯಾಯವಲ್ಲವೆಂದು ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಆದರೆ ತಾಯಿ ದಿನಕ್ಕೆ ಹದಿನಾರು ಗಂಟೆಗೂ ಮೀರಿ ಕೂಸನ್ನು ಎದೆಯ ಮೇಲಿಟ್ಟುಕೊಳ್ಳಬೇಕಾದರೆ ಅವಳು ಎಲ್ಲಿ ಮಲಗಬೇಕು, ಏನು ಉಣ್ಣಬೇಕು, ಹೊಲಿಗೆಯ ನೋವಿಗೆ ಮದ್ದನ್ನು ಯಾರು ಕೊಡಬೇಕು? ಆ ಅಧ್ಯಯನದವರು ತಾಯಿಯ ಮಂಚವನ್ನು ಶಿಶುಘಟಕದ ಒಳಕ್ಕೇ ತಂದಿದ್ದರು. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಕುಟುಂಬದವರಿಗೆ ಆರೈಕೆಯನ್ನು ಕಲಿಸಿದ ಅನುಭವವನ್ನು ಆಧರಿಸಿ ಕೇಂದ್ರ ಸರ್ಕಾರವು 2017ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟೂ ಆರೋಗ್ಯ ಇಲಾಖೆಯೊಡನೆ ಸೇರಿ, ಕಾಂಗರೂ ಆರೈಕೆ ಆಸ್ಪತ್ರೆಯಲ್ಲಿ ಮೊದಲಾಗಿ ಮನೆಯಲ್ಲಿಯೂ ಮುಂದುವರಿಯುವಂತೆ ದುಡಿದಿವೆ. ಇಷ್ಟಾದರೂ ನಾನು ಕಂಡ ಘಟಕದಲ್ಲಿ ಯಂತ್ರಗಳಿಗೆಲ್ಲ ದಾಸ್ತಾನಿನ ಸಂಖ್ಯೆ ಬರೆದಿತ್ತು. ತಾಯಂದಿರು ಮಾತ್ರ ಮೂರು ಕುರ್ಚಿಗಳನ್ನು ಸರದಿಯ ಮೇಲೆ ಹಂಚಿಕೊಂಡು, ಮಿಕ್ಕ ಹೊತ್ತು ಮೊಗಸಾಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ತಾಯಿಯ ಮಂಚವನ್ನೂ, ಅವಳ ಬಿಸಿನೀರನ್ನೂ, ಎರಡು ಹೊತ್ತಿನ ಅನ್ನಸಾರನ್ನೂ ಉಪಕರಣಗಳ ಪಟ್ಟಿಯಲ್ಲಿಯೇ ಬರೆಯಬೇಕೆಂದು ನಾನು ವಾದಿಸುತ್ತೇನೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಕಾಯಿಲೆಯ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ವಾಹನಗಳನ್ನು ಉಚಿತವಾಗಿ ಒದಗಿಸುತ್ತದೆ. ತಪ್ಪಿದ ಕೂಲಿಯ, ಊರಲ್ಲಿ ಬಿಟ್ಟುಬಂದ ದೊಡ್ಡ ಮಗುವಿನ ಚಿಂತೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಎಲ್ಲ ಕೂಸುಗಳೂ ಮನೆಗೆ ಹೋಗಲಿಲ್ಲ. ನಮ್ಮ ಪಕ್ಕದ ಚಾಪೆಯ ಹೆಣ್ಣುಮಗಳ ಮಗು ಒಂದು ಮುಂಜಾವ ತೀರಿಕೊಂಡಿತು. ಅದನ್ನು ಬಟ್ಟೆಯಲ್ಲಿ ಸುತ್ತಿ ಒಡನೆಯೇ ಗಂಡಸರ ಕೈಗೆ ಕೊಟ್ಟುಬಿಡುವುದು ವಾಡಿಕೆ. ಆ ಸಿಸ್ಟರು ಹಾಗೆ ಮಾಡದೆ, ನಳಿಕೆಗಳನ್ನೆಲ್ಲ ಬಿಡಿಸಿ, ಮುಖ ಒರೆಸಿ, ಪರದೆ ಎಳೆದು, ತಾಯಿಯ ಮಡಿಲಲ್ಲಿಟ್ಟು, ಸಾಕೆಂದು ಅವಳೇ ಹೇಳುವವರೆಗೂ ಕಾದರು. ಮೂರನೆಯ ದಿನವೂ ಅವಳ ಎದೆ ಹಾಲು ತುಂಬಿ ಬಿಗಿದು ನೋಯುತ್ತಿತ್ತು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಏಷ್ಯದಲ್ಲಿಯೇ ಮೊದಲನೆಯದಾದ ಎದೆಹಾಲಿನ ಭಂಡಾರವನ್ನು ತೆರೆದರೆಂದು ನಾನು ಓದಿದ್ದೆ. ಆ ಹೊತ್ತಿನಲ್ಲಿ ಅಂಥದೊಂದು ಅಲ್ಲಿಯೂ ಇದ್ದಿದ್ದರೆ, ಅವಳು ಬಯಸಿದ್ದರೆ, ಆ ಹಾಲು ಇನ್ನೊಂದು ಕೂಸಿನ ಒಳಲೆಗೆ ಸೇರಬಹುದಿತ್ತು.

ನಾಲ್ಕನೆಯ ವಾರದಲ್ಲಿ ನಮ್ಮ ಮಗುವಿನ ಕಣ್ಣಿನ ಪರೀಕ್ಷೆಯಾಯಿತು. ದಿನ ತುಂಬದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ದಾರಿ ತಪ್ಪಿ ಬೆಳೆದು ಕುರುಡಾಗುವ ಸಂಭವವುಂಟು. ತಕ್ಕ ಕಾಲದಲ್ಲಿ ಕಂಡರೆ ಲೇಸರ್ ಚಿಕಿತ್ಸೆಯಿಂದ ತಡೆಯಬಹುದು, ಒಂದೆರಡು ವಾರ ತಡವಾದರೂ ಬೆಳಕು ಹೋದಂತೆಯೇ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ, ತರಬೇತಾದ ತಂತ್ರಜ್ಞರು ಕ್ಯಾಮರಾವನ್ನು ಹೊತ್ತು ಹೊರಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ, ಚಿತ್ರಗಳನ್ನು ದೂರದ ತಜ್ಞರಿಗೆ ಕಳುಹಿಸಿ ವರದಿ ಪಡೆಯುತ್ತಾರೆ. ಮೈ ಮುಟ್ಟಿದರೆ ಉಸಿರು ತಪ್ಪುವಂಥ ಕೂಸನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುವ ಕಷ್ಟವನ್ನು ಊಹಿಸಬಲ್ಲವರಿಗೆ ಈ ಉಪಕಾರದ ಬೆಲೆ ತಿಳಿದೀತು.

ಮಗು 1,850 ಗ್ರಾಂ ಆದಂದು ಮನೆಗೆ ಕಳುಹಿಸಿದರು. ಹಸಿರು ಬಳೆಗಳನ್ನು ಮಗುವಿನ ಅಜ್ಜಿಯೇ ತೊಡಿಸಿದಳು. ಆಶಾ ಕಾರ್ಯಕರ್ತೆ ಗೊತ್ತಾದ ದಿನಗಳಲ್ಲಿ ಬಂದು ತೂಗುತ್ತಿದ್ದಳು. ಎದೆಗೆ ಕಟ್ಟಿಕೊಳ್ಳುವುದನ್ನು ಇನ್ನೂ ಎಷ್ಟು ದಿನ ನಡೆಸಬೇಕೆಂದು ಹುಡುಗಿಯ ಗಂಡ ಪ್ರತಿ ಸಾರಿಯೂ ಕೇಳುತ್ತಿದ್ದನು, “ಅದನ್ನು ಮಗೂನೇ ಹೇಳತ್ತೆ” ಎಂದು ಅವಳು ಪ್ರತಿ ಸಾರಿಯೂ ನಗುತ್ತಿದ್ದಳು. ಎರಡೂವರೆ ಕಿಲೋ ಸಮೀಪಿಸಿದ ಒಂದು ಸಂಜೆ ಅಪ್ಪನ ಎದೆಯ ಮೇಲಿದ್ದ ಕೂಸು ಬೆವತು, ಮುಖ ಕೆಂಪಗೆ ಮಾಡಿಕೊಂಡು, ಕಾಲಿನಿಂದ ಪಟ್ಟಿಯನ್ನು ಒದೆದು ಒದೆದು ಹೊರಬರಲು ಹವಣಿಸಿತು. ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ ಒರೆಸಲು ನಾನು ಎದ್ದೆನು.